ಅಮ್ಮ ಬೇಡ ಅಂದಿದ್ದ ಹ್ಯಾರಿ ಪಾಟರ್ ಈಗ ಇಷ್ಟವಾಗಿದೆ, ಬಚ್ಚಿಡಲಾ?

ಪ್ರಶ್ನೆ: ನನಗೀಗ 32 ವರ್ಷ. ತುಂಬಾ ಭಕ್ತಿಯ ಕ್ರೈಸ್ತ ಮನೆಯಲ್ಲಿ ಬೆಳೆದವಳು. ಹ್ಯಾರಿ ಪಾಟರ್ ನಮ್ಮ ಮನೆಯೊಳಗೆ ಬರುವ ಹಾಗೇ ಇರಲಿಲ್ಲ. ಅದು ಮಾಟಮಂತ್ರದ ಪುಸ್ತಕ, ಓದಿದರೆ ಸೈತಾನನಿಗೆ ಬಾಗಿಲು ತೆರೆದ ಹಾಗೆ ಅಂತ ಅಮ್ಮ ಹೇಳುತ್ತಿದ್ದರು. ಸಂಡೇ ಸ್ಕೂಲಿನಲ್ಲೂ ಅದೇ ಮಾತು. ಹತ್ತು ವರ್ಷದವಳಿದ್ದಾಗ ಗೆಳತಿಯೊಬ್ಬಳು ಮೊದಲ ಪುಸ್ತಕ ಓದೋಕೆ ಕೊಟ್ಟಳು. ಅಮ್ಮ ನೋಡಿ, ಮರುದಿನವೇ ವಾಪಸ್ ಕೊಡಿಸಿದರು. ಕೊಡುವಾಗ ನಾನು ‘ಇದನ್ನು ಓದಿದರೆ ನೀನು ನರಕಕ್ಕೆ ಹೋಗ್ತೀಯ’ ಅಂದೆ. ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಈಗ, ಇಷ್ಟು ವರ್ಷ ಆದ ಮೇಲೆ, ಏಳೂ ಪುಸ್ತಕ ಓದಿ ಮುಗಿಸಿದೆ. ಕೊನೆಯದನ್ನು ಓದುತ್ತಾ ಅತ್ತುಬಿಟ್ಟೆ. ಆದರೆ ರಾತ್ರಿ ದೀಪ ಆರಿಸಿದರೆ ಹೆದರಿಕೆ. ಪ್ರಾರ್ಥನೆಗೆ ಕೂತರೆ ದೇವರಿಂದ ಏನೋ ಮುಚ್ಚಿಟ್ಟ ಹಾಗೆ ಅನಿಸುತ್ತದೆ. ಅಮ್ಮನ ಮೇಲೆ ವಿಪರೀತ ಸಿಟ್ಟು. ಮುಂದಿನ ತಿಂಗಳು ಅವರು ನನ್ನ ಜೊತೆ ಇರೋಕೆ ಬರುತ್ತಿದ್ದಾರೆ. ಪುಸ್ತಕಗಳನ್ನು ಬಚ್ಚಿಡಲಾ? ನನ್ನ ವಿಶ್ವಾಸ ಕಳೆದುಹೋಗುತ್ತಿದೆಯಾ?

ಉತ್ತರ: ಬಚ್ಚಿಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ವಿಶ್ವಾಸದ ವಿಷಯವಂತೂ ಸುಲಭ: ಅದು ಹೋಗಿದ್ದರೆ ನೀವು ಪ್ರಾರ್ಥನೆಗೆ ಕೂರುತ್ತಲೇ ಇರಲಿಲ್ಲ, ಅಲ್ವಾ?

ಮೊದಲು ನಿಮ್ಮ ಅಮ್ಮನ ಕಡೆಯಿಂದ ನೋಡೋಣ. ಆ ಕಾಲದಲ್ಲಿ ಹೆದರಿದ್ದು ಅವರೊಬ್ಬರೇ ಅಲ್ಲ. 2000ರಿಂದ 2009ರವರೆಗೆ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನದಲ್ಲಿದ್ದದ್ದು ಇದೇ ಸರಣಿ. 2001ರ ಡಿಸೆಂಬರ್‌ನಲ್ಲಿ ನ್ಯೂ ಮೆಕ್ಸಿಕೋದ ಅಲಮಗೋರ್ಡೊದಲ್ಲಿ ಒಂದು ಚರ್ಚಿನವರು ಈ ಪುಸ್ತಕಗಳನ್ನು ಬೆಂಕಿಗೇ ಹಾಕಿದರು. ಇನ್ನೊಂದು ಸಂಗತಿ ನಿಮಗೆ ನಗು ತರಿಸಬಹುದು, ಅಥವಾ ಇನ್ನಷ್ಟು ಸಿಟ್ಟು. 2000ದಲ್ಲಿ ‘ದಿ ಆನಿಯನ್’ ಅನ್ನುವ ವಿಡಂಬನೆ ಪತ್ರಿಕೆ, ಹ್ಯಾರಿ ಪಾಟರ್ ಓದಿದ ಮಕ್ಕಳು ಸೈತಾನನ ಆರಾಧನೆಗೆ ಇಳಿಯುತ್ತಿದ್ದಾರೆ ಅಂತ ತಮಾಷೆಗೆ ಒಂದು ಸುದ್ದಿ ಹೊಸೆಯಿತು. ಜನ ಅದನ್ನು ನಿಜ ಅಂದುಕೊಂಡು ಇಮೇಲ್‌ನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸುತ್ತಾ ಹೋದರು. ಅದರಲ್ಲಿ ಮಕ್ಕಳು ಹೇಳಿದಂತೆ ಇದ್ದ ಮಾತುಗಳೆಲ್ಲ ಕಟ್ಟುಕಥೆ. ಆದರೂ ಎಷ್ಟೋ ತಂದೆತಾಯಿಯರ ನಿದ್ದೆ ಕೆಟ್ಟಿತು.

ಹಾಗಂತ ಅವರ ಆತಂಕ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಬೈಬಲ್‌ನ ಧರ್ಮೋಪದೇಶಕಾಂಡ 18ನೇ ಅಧ್ಯಾಯ ನಿಮಗೆ ಬಾಯಿಪಾಠ ಇರಬೇಕು: ಕಣಿ ಹೇಳುವವರು, ಮಾಟಗಾರರು, ಸತ್ತವರನ್ನು ವಿಚಾರಿಸುವವರು ನಿಮ್ಮಲ್ಲಿ ಇರಬಾರದು ಅನ್ನುವ ಭಾಗ. ಇದನ್ನು ದೇವರ ಮಾತು ಅಂತ ನಂಬುವ ತಾಯಿ, ಮಂತ್ರದಂಡ ಹಿಡಿದ ಹುಡುಗನ ಚಿತ್ರ ಇರುವ ಪುಸ್ತಕವನ್ನು ಮಗಳ ಕೈಯಲ್ಲಿ ನೋಡಿದರೆ ಏನು ಮಾಡಬೇಕಿತ್ತು? ನನ್ನ ಪ್ರಕಾರ, ಕೂತು ಓದಬೇಕಿತ್ತು. ಅವರು ಓದಲಿಲ್ಲ. ತಪ್ಪು ಅಲ್ಲಿದೆ, ಹೆದರಿದ್ದರಲ್ಲಿ ಅಲ್ಲ.

ಓದಿದ್ದರೆ ಅವರಿಗೇ ಆಶ್ಚರ್ಯ ಆಗುತ್ತಿತ್ತು. ಈ ಕಥೆಯಲ್ಲಿ ಯಾರೂ ಮಂತ್ರ ಹಾಕುವಾಗ ದೆವ್ವವನ್ನೋ ಭೂತವನ್ನೋ ಕರೆದು ಶಕ್ತಿ ಬೇಡುವುದಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಸಂಗೀತ ಬರುವ ಹಾಗೆ ಅಲ್ಲಿನವರಿಗೆ ಮಾಯೆ ಬರುತ್ತದೆ, ಅಷ್ಟೇ. ಕಣಿ ಹೇಳುವ ಟೀಚರನ್ನು ಲೇಖಕಿ ಹೆಚ್ಚಿನ ಕಡೆ ಗೇಲಿಯೇ ಮಾಡುತ್ತಾರೆ. ಸತ್ತವರನ್ನು ವಾಪಸ್ ತರುವ ಕಲ್ಲಿನ ಆಸೆಗೆ ಬಿದ್ದವನ ಕಥೆ ಹಾಳಾಗುವುದರಲ್ಲೇ ಮುಗಿಯುತ್ತದೆ. ಹ್ಯಾರಿಯೂ ಅದನ್ನು ಒಮ್ಮೆ ಬಳಸುತ್ತಾನೆ, ನಿಜ, ಆದರೆ ಸಾಯಲು ಹೊರಟ ದಾರಿಯಲ್ಲಿ, ಮತ್ತೆ ಅದನ್ನು ಕಾಡಿನಲ್ಲೇ ಬೀಳಿಸಿ ಮುಂದೆ ಹೋಗುತ್ತಾನೆ.

ಕೊನೆಯ ಪುಸ್ತಕದಲ್ಲಿ ನೀವು ಅತ್ತದ್ದು ಎಲ್ಲಿ ಅಂತ ಬರೆದಿಲ್ಲ. ನನ್ನ ಊಹೆ, ಆ ಕಾಡಿನ ಅಧ್ಯಾಯದಲ್ಲಿ. ಎಲ್ಲರೂ ಬದುಕಲಿ ಅಂತ ಒಬ್ಬ ಹುಡುಗ ಆಯುಧ ಎತ್ತದೆ ತಾನಾಗಿ ಸಾವಿನ ಕಡೆ ನಡೆದು ಹೋಗುತ್ತಾನೆ, ಆಮೇಲೆ ಎದ್ದು ಬರುತ್ತಾನೆ. ಸಂಡೇ ಸ್ಕೂಲಿನಲ್ಲಿ ಬೆಳೆದವರಿಗೆ ಇದು ಎಲ್ಲಿ ತಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹ್ಯಾರಿಯ ಅಪ್ಪ ಅಮ್ಮನ ಸಮಾಧಿಯ ಮೇಲೆ ಕೆತ್ತಿರುವ ಸಾಲು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದ್ದು, ನಾಶವಾಗುವ ಕಡೇ ಶತ್ರು ಮರಣ ಅನ್ನುವುದು. ಅದೇ ಸ್ಮಶಾನದಲ್ಲಿ ಹ್ಯಾರಿಯ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಮನೆಯವರ ಸಮಾಧಿಯ ಮೇಲಿನ ಸಾಲು ಮತ್ತಾಯ 6ನೇ ಅಧ್ಯಾಯದ್ದು, ಸಂಪತ್ತು ಇದ್ದಲ್ಲೇ ಮನಸ್ಸು ಇರುತ್ತದೆ ಅನ್ನುವುದು. ಇಡೀ ಸರಣಿಯ ಸಾರ ಹೆಚ್ಚು ಕಡಿಮೆ ಆ ಎರಡು ಸಾಲುಗಳಲ್ಲೇ ಇದೆ ಅಂತ ಲೇಖಕಿ ಜೆ.ಕೆ. ರೌಲಿಂಗ್ 2007ರಲ್ಲಿ, ಕೊನೆಯ ಪುಸ್ತಕ ಬಂದ ಮೇಲೆ, ಬಾಯಿಬಿಟ್ಟು ಹೇಳಿದರು. ಮೊದಲೇ ಹೇಳಿದ್ದರೆ ಕಥೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗಿಬಿಡುತ್ತಿತ್ತು.

ಆದರೆ ಒಂದು ಎಚ್ಚರಿಕೆ. ಇಷ್ಟೆಲ್ಲ ವಚನ ಜೋಡಿಸಿಕೊಂಡು, ಅಮ್ಮ ಬಂದ ದಿನವೇ ಅವರ ಮುಂದೆ ಸುರಿದು ಗೆಲ್ಲೋಣ ಅಂತ ಹೋಗಬೇಡಿ. ಗೆಲ್ಲಬಹುದು, ಏನು ಸಿಕ್ಕ ಹಾಗಾಯಿತು? ಇನ್ನೂ ಒಂದು ಮಾತು, ಪುಸ್ತಕದಲ್ಲಿ ಎರಡು ವಚನ ಸಿಕ್ಕಿದ್ದಕ್ಕೆ ಅದು ಓದಲು ಯೋಗ್ಯವಾಯಿತು ಅಂತಲೂ ಅಲ್ಲ. ಸಿಗದಿದ್ದರೂ ಅದು ಒಳ್ಳೆಯ ಕಥೆಯೇ. ಇಷ್ಟಪಟ್ಟ ಪ್ರತಿಯೊಂದಕ್ಕೂ ಬೈಬಲ್‌ನಿಂದ ಪರವಾನಗಿ ಹುಡುಕುವ ಅಭ್ಯಾಸ ನಿಮಗಿದ್ದರೆ, ಭಯ ಬೇರೆ ವೇಷದಲ್ಲಿ ಅಲ್ಲೇ ಇದೆ ಅಂತ ಅರ್ಥ.

ರಾತ್ರಿಯ ಹೆದರಿಕೆ ಇದೆಯಲ್ಲ, ಅದನ್ನು ದೇವರ ಎಚ್ಚರಿಕೆ ಅಂತ ತಿಳಿಯಬೇಡಿ. ಮನಸ್ಸಾಕ್ಷಿ ಚುಚ್ಚಿದರೆ ಯಾರಿಗೆ ಏನು ಅನ್ಯಾಯ ಮಾಡಿದೆ ಅಂತ ತೋರಿಸುತ್ತದೆ. ನಿಮ್ಮ ಹೆದರಿಕೆ ಏನನ್ನೂ ತೋರಿಸುತ್ತಿಲ್ಲ, ಸುಮ್ನೆ ಕತ್ತಲಲ್ಲಿ ಬಂದು ಕೂರುತ್ತದೆ. ಚಿಕ್ಕಂದಿನಲ್ಲಿ, ನಾವು ಹೆಚ್ಚು ನಂಬುವ ಜನರಿಂದ ಕಲಿತ ಭಯ ಬುದ್ಧಿಗೆ ಉತ್ತರ ಸಿಕ್ಕ ಮೇಲೂ ಮೈಯಲ್ಲಿ ಉಳಿಯುತ್ತದೆ. ಬಚ್ಚಿಟ್ಟಷ್ಟೂ ಅದು ಗಟ್ಟಿಯಾಗುತ್ತದೆ, ಯಾಕೆಂದರೆ ಬಚ್ಚಿಡುವಾಗಲೆಲ್ಲ ‘ಇದು ನಿಜಕ್ಕೂ ಅಪಾಯ’ ಅಂತ ನೀವೇ ನಿಮಗೆ ಹೇಳಿಕೊಳ್ಳುತ್ತೀರಿ. ಪುಸ್ತಕಗಳು ಶೆಲ್ಫಿನಲ್ಲೇ ಇರಲಿ ಅಂದದ್ದು ಅದಕ್ಕೇ. ಪ್ರಾರ್ಥನೆಯಲ್ಲೂ ಮುಚ್ಚಿಡಬೇಡಿ, ಓದಿದ್ದನ್ನೇ ಹೇಳಿ, ಇಷ್ಟವಾದದ್ದನ್ನೂ ಹೇಳಿ. ತಿಂಗಳುಗಟ್ಟಲೆ ನಿದ್ದೆ ಬರದಿದ್ದರೆ ಆಪ್ತಸಮಾಲೋಚಕರ ಹತ್ತಿರ ಹೋಗಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಮ್ಮನಿಗೆ ಅವರು ಬರುವ ಮೊದಲೇ ಫೋನಿನಲ್ಲಿ ಹೇಳಿಬಿಡಿ. ‘ಅಮ್ಮಾ, ಹ್ಯಾರಿ ಪಾಟರ್ ಓದಿದೆ, ಇಷ್ಟವಾಯಿತು, ಮನೆಯಲ್ಲಿ ಇದೆ, ನೀನು ನೋಡಿ ಬೇಜಾರಾಗೋದು ಬೇಡ ಅಂತ ಮೊದಲೇ ಹೇಳ್ತಿದೀನಿ.’ ಇಷ್ಟು ಸಾಕು. ಅವರು ವಾದಕ್ಕೆ ಬಂದರೆ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ನಿಮ್ಮಿಬ್ಬರಿಗೂ ಗೊತ್ತಿರುವುದೇ. ಕೆಲವು ಆಹಾರ ತಿನ್ನಬಹುದೋ ಬಾರದೋ ಅನ್ನುವ ಜಗಳ ಅಲ್ಲಿನದು. ತಿನ್ನುವವನು ತಿನ್ನದವನನ್ನು ಹೀನಾಯವಾಗಿ ನೋಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಅಂತ ಪೌಲ ಹೇಳುವುದು ಎರಡೂ ಕಡೆಗೆ. ಅವರು ಓದಲೇಬೇಕಾಗಿಲ್ಲ, ನೀವು ಬಿಡಲೇಬೇಕಾಗಿಲ್ಲ. ಸಿಟ್ಟಿನ ಮಾತು ಬೇರೆ, ಅದನ್ನು ಇದರ ಜೊತೆ ಕಲಸಬೇಡಿ. ನಿಮಗೆ ಪುಸ್ತಕ ತಪ್ಪಿದ್ದಕ್ಕಿಂತ, ನೀವೇ ನೋಡಿ ನಿರ್ಧರಿಸುವ ಅವಕಾಶ ಸಿಗದೇ ಹೋದದ್ದು ಜಾಸ್ತಿ ನೋಯುತ್ತಿದೆ ಅನಿಸುತ್ತದೆ. ಅದನ್ನು ಅವರು ಬಂದು ಕೆಲವು ದಿನ ಕಳೆದ ಮೇಲೆ, ಇಬ್ಬರೂ ಸಮಾಧಾನವಾಗಿದ್ದಾಗ ಹೇಳಿ. ಅವರು ಕ್ಷಮೆ ಕೇಳುತ್ತಾರೆ ಅಂತ ಕಾಯಬೇಡಿ. ಹೆದರಿದ್ದೆ ಅಂತ ಒಪ್ಪಿಕೊಂಡರೆ ಅದೇ ದೊಡ್ಡದು.

ಈಗ ನೀವು ಕೇಳದೇ ಇರುವ ವಿಷಯ. ಪತ್ರದಲ್ಲಿ ಅಮ್ಮನ ಮೇಲೆ ಸಿಟ್ಟು ಇದೆ, ದೇವರ ಭಯ ಇದೆ. ಗೆಳತಿಗೆ ಮಾತ್ರ ಒಂದೆರಡು ಸಾಲು, ಆಮೇಲೆ ಅವಳ ಸುದ್ದಿಯೇ ಇಲ್ಲ. ಆದರೆ ಇಪ್ಪತ್ತು ವರ್ಷದ ಮೇಲೂ ಆಡಿದ ಮಾತು ಅಕ್ಷರಕ್ಕಕ್ಷರ ನೆನಪಿದೆ. ಪ್ರಾರ್ಥನೆಗೆ ಕೂತಾಗ ಕಾಡುತ್ತಿರುವುದು ಪುಸ್ತಕವೋ, ಇದೋ? ನೀವು ಹತ್ತು ವರ್ಷದ ಮಗು, ದೊಡ್ಡವರು ಹೇಳಿಕೊಟ್ಟದ್ದನ್ನು ಹೇಳಿದಿರಿ, ಅಪರಾಧಿ ಅಲ್ಲ. ಆದರೆ ಕೇಳಿಸಿಕೊಂಡವಳೂ ಮಗುವೇ. ಇಷ್ಟದ ಪುಸ್ತಕವನ್ನು ಹಂಚಿಕೊಂಡದ್ದಕ್ಕೆ ಅವಳಿಗೆ ಸಿಕ್ಕಿದ್ದು ನರಕದ ಮಾತು.

ಅವಳು ಎಲ್ಲಿದ್ದಾಳೆ ಅಂತ ಗೊತ್ತಿದ್ದರೆ ನಾಲ್ಕು ಸಾಲು ಬರೆಯಿರಿ. ನಿಮ್ಮ ಮನೆಯ ವಾತಾವರಣ, ಅಮ್ಮ, ಚರ್ಚು ಅಂತ ಕಾರಣಗಳಿಂದ ಶುರು ಮಾಡಬೇಡಿ. ಅವತ್ತು ಹಾಗೆ ಅಂದದ್ದು ತಪ್ಪು ಅಂತ ಮೊದಲು ಬರಲಿ. ಏಳೂ ಪುಸ್ತಕ ಓದಿದ ಸಂಗತಿ ಆಮೇಲೆ. ಉತ್ತರ ಬರದಿದ್ದರೆ ಎರಡನೇ ಸಲ ಬರೆಯಬೇಡಿ.