ಹಳೇ ಕಾರಿನ ಹುಚ್ಚು ನಿಜವೋ ಸುಳ್ಳೋ, ಮಳೆಗಾಲ ಹೇಳುತ್ತದೆ

ನೀವು ಕೇಳಿದ್ದು ಇಷ್ಟು: ತೀರ್ಥಹಳ್ಳಿ ಹತ್ತಿರ ಅಜ್ಜನ ಮನೆ ಕೊಟ್ಟಿಗೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ನಿಂತಿದೆ, ಇಟ್ಟುಕೊಳ್ಳುವ ಆಸೆ. ಆದರೆ ಇಂಜಿನ್ ಬಗ್ಗೆ ಏನೂ ಗೊತ್ತಿಲ್ಲ, ದುಡ್ಡೂ ಅಷ್ಟಕ್ಕಷ್ಟೆ. ಇಂಥವರು ನಿಜವಾದ ಕ್ಲಾಸಿಕ್ ಕಾರ್ ಪ್ರೇಮಿ ಆಗಬಹುದಾ?

ಧಾರಾಳವಾಗಿ ಆಗಬಹುದು. ನಾನು ಶಿವಮೊಗ್ಗದಲ್ಲಿ ಹಳೇ ಫಿಯೆಟ್ ಇಟ್ಟುಕೊಂಡಿದ್ದೇನೆ. ಈ ಹುಚ್ಚಿನವರನ್ನು ಹತ್ತಿರದಿಂದ ನೋಡಿದ್ದೇನೆ. ಜನವರಿ ಬಿಸಿಲಲ್ಲಿ ಪಾಲಿಶ್ ಹೊಡೆದು, ಬಾನೆಟ್ ಮೇಲೆ ಕೈ ಇಟ್ಟು ಫೋಟೋ ತೆಗೆಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ತಪ್ಪೇನಿಲ್ಲ, ನಾನೂ ತೆಗೆಸಿಕೊಂಡಿದ್ದೇನೆ. ಆದರೆ ಆಷಾಢದಲ್ಲಿ ಆ ಕಾರು ಹೇಗಿದೆ ಅಂತ ಹೋಗಿ ನೋಡಿ. ಮಲೆನಾಡಿನಲ್ಲಿ ಅದೇ ಪರೀಕ್ಷೆ.

ನಮ್ಮ ಕಡೆ ಹಳೇ ಕಾರಿನ ಶತ್ರು ವಯಸ್ಸಲ್ಲ, ತೇವ. ಬಾಗಿಲ ಕೆಳಗಿನ ಸಿಲ್, ಫುಟ್ ಮ್ಯಾಟ್ ಅಡಿಯ ತಗಡು, ಸ್ಟೆಪ್ನಿ ಇಡುವ ಗುಂಡಿ: ತುಕ್ಕು ಶುರುವಾಗುವುದೇ ಅಲ್ಲಿಂದ. ಮೇಲಿನ ಪೇಂಟ್ ಫಳಫಳ ಅನ್ನುತ್ತಿರುತ್ತದೆ, ಒಳಗೆ ತಗಡು ಹಪ್ಪಳ ಆಗಿರುತ್ತದೆ. ನೋಡಲು ಬಂದವನು ಮೊದಲು ಮ್ಯಾಟ್ ಎತ್ತಿ, ಬಗ್ಗಿ ಅಡಿಗೆ ಟಾರ್ಚ್ ಬಿಟ್ಟನೋ, ಅವನು ನಮ್ಮವನು. ಬಂದ ಕೂಡಲೇ "ಎಷ್ಟಕ್ಕೆ ಹೋಗುತ್ತೆ?" ಅಂದನೋ, ಕಾಫಿ ಕೊಟ್ಟು ಕಳಿಸಿ.

ಸುಮ್ನೆ ಪ್ಲಾಸ್ಟಿಕ್ ಟಾರ್ಪಾಲಿನ್ ಸುತ್ತಿ ಇಟ್ಟರೆ ಕಾರು ಉಳಿಯುತ್ತದೆ ಅಂದುಕೊಂಡವರೂ ಇದ್ದಾರೆ. ಅದರೊಳಗೆ ಬೆವರು ಕಟ್ಟಿ ಇನ್ನೂ ಬೇಗ ಹಾಳಾಗುತ್ತದೆ. ಸೂರು ಸೋರದ, ಗಾಳಿ ಆಡುವ ಜಾಗ ಸಾಕು. ಅಡಿಕೆ ದಾಸ್ತಾನು ಕೊಠಡಿ ಇದ್ದರಂತೂ ಬಹಳ ಒಳ್ಳೆಯದು, ಇಲಿ ಇಲ್ಲದಿದ್ದರೆ. ವೈರಿಂಗ್ ಅಂದರೆ ಇಲಿಗಳಿಗೆ ಎಲ್ಲಿಲ್ಲದ ಪ್ರೀತಿ.

ಇನ್ನು ಇಂಜಿನ್ ಬಗ್ಗೆ. ಪದ್ಮಿನಿಯದು 1089 ಸಿಸಿ ಪೆಟ್ರೋಲ್ ಇಂಜಿನ್. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಅದರೊಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಕಾಂಟ್ಯಾಕ್ಟ್ ಪಾಯಿಂಟ್, ಎಲ್ಲವೂ ಕಣ್ಣಿಗೆ ಕಾಣುವಂಥದ್ದು. ಜಡಿಮಳೆಯ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಒಳಗೆ ಮಂಜು ಕಟ್ಟಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಪಾಯಿಂಟ್ ಕರಕಲಾಗಿದ್ದರೆ ಸಣ್ಣ ಮರಳು ಕಾಗದದಲ್ಲಿ ತಿಕ್ಕಿ, ಸಂದು ಸುಮಾರು 0.4 ಮಿಲಿಮೀಟರ್ ಇದೆಯಾ ನೋಡಿ. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಾಗ ಹಳೇ ಮೆಕ್ಯಾನಿಕ್‌ಗಳು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುತ್ತಾರೆ. ಸ್ವಲ್ಪ ಹಿಡಿದ ಹಾಗೆ ಜಾರಿದರೆ ಸರಿ. ಇದನ್ನು ಒಂದು ಸಲ ಸ್ವಂತ ಕೈಯಲ್ಲಿ ಮಾಡಿ ಕಾರು ಸ್ಟಾರ್ಟ್ ಆಯಿತು ಅನ್ನಿ, ಆಮೇಲೆ ನಿಮ್ಮನ್ನು ಯಾರೂ ತಡೆಯಲಾರರು.

ಘಟ್ಟದ ವಿಷಯವನ್ನೂ ಹೇಳಿಬಿಡುತ್ತೇನೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಡ್ರಮ್ ಬ್ರೇಕ್ ಕಾದರೆ ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ಎರಡನೇ ಗೇರ್‌ನಲ್ಲಿ ಇಂಜಿನ್ ಹಿಡಿತದ ಮೇಲೆ ಇಳಿಸಬೇಕು. ಹಿಂದಿನವನು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ. ಬೇಸಿಗೆಯಲ್ಲಿ ಹತ್ತುವಾಗ ಪೆಟ್ರೋಲ್ ಪೈಪ್‌ನಲ್ಲೇ ಆವಿಯಾಗಿ ಇಂಜಿನ್ ಕೈಕೊಡುವುದೂ ಉಂಟು. ಫ್ಯುಯೆಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ, ಹತ್ತು ನಿಮಿಷ ಮಂಗಗಳನ್ನು ನೋಡುತ್ತಾ ನಿಲ್ಲಿ.

"ಎಲ್ಲಾ ಒರಿಜಿನಲ್ ಇರಬೇಕು" ಅನ್ನುವವರ ಜೊತೆ ನನಗೆ ಜಗಳ ಇದೆ. ಸೀಟ್ ಬೆಲ್ಟ್ ಹಾಕಿಸಿದರೆ ಕಾರಿನ ಮಾನ ಹೋಗುವುದಿಲ್ಲ. ರಬ್ಬರ್ ಪೈಪ್‌ಗಳನ್ನಂತೂ ಬದಲಿಸಲೇಬೇಕು. ಈಗಿನ ಪೆಟ್ರೋಲ್‌ನಲ್ಲಿ 20 ಶೇಕಡಾದವರೆಗೆ ಎಥನಾಲ್ ಇರುತ್ತದೆ, ಅದು ಹಳೇ ರಬ್ಬರನ್ನು ತಿನ್ನುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಆದರೆ ಅಜ್ಜನ ಕಾಲದ ಇಂಜಿನ್ ಕಿತ್ತು ಬೇರೆ ಕಾರಿನ ಇಂಜಿನ್ ಕೂರಿಸುವುದು ಮಾತ್ರ ನನಗೆ ಒಗ್ಗದು. ಅದರ ಜೊತೆ ಸ್ಟಿಯರಿಂಗ್ ಪಕ್ಕದ ಆ ಗೇರ್ ಕಡ್ಡಿಯ ಮಜಾವೂ ಹೋದರೆ ಪದ್ಮಿನಿಯಲ್ಲಿ ಉಳಿಯುವುದೇನು?

ಕಾಗದಪತ್ರದ ವಿಷಯದಲ್ಲಿ ಆತುರ ಬೇಡ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳಿಗೆ 2021ರ ನಿಯಮದ ಪ್ರಕಾರ 'ವಿಎ' ಅಕ್ಷರಗಳಿರುವ ನಂಬರ್ ಪ್ಲೇಟ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ, ಹಾಗಾಗಿ ಮೊದಮೊದಲ ಗಾಡಿಗಳು ಈಗಷ್ಟೇ ಈ ಲೆಕ್ಕಕ್ಕೆ ಬರುತ್ತಿವೆ. ಆದರೆ ಆ ಪ್ಲೇಟ್ ಹಾಕಿಸಿದರೆ ದಿನಾ ಓಡಿಸುವಂತಿಲ್ಲ. ಸಂತೆಗೆ, ಮದುವೆಮನೆಗೆ ಅದರಲ್ಲೇ ಹೋಗುವ ಆಸೆ ಇದ್ದರೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳಿ.

ಈಗ ಕೊಟ್ಟಿಗೆಗೆ ಹೋಗಿ. ದಯವಿಟ್ಟು ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸಬೇಡಿ. ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೂ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಟಾಪ್ ಗೇರ್ ಹಾಕಿ, ಕಾರನ್ನು ಮೆಲ್ಲಗೆ ತಳ್ಳಿ, ಇಂಜಿನ್ ತಿರುಗುತ್ತದಾ ನೋಡಿ. ತಿರುಗಿದರೆ ಅರ್ಧ ಗೆದ್ದಂತೆ. ಟ್ಯಾಂಕ್‌ನ ಹಳೇ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಮೊದಲ ಖರ್ಚು ಬ್ರೇಕಿಗೆ, ಪೇಂಟಿಗೆ ಕೊನೆಗೆ. ಬಿಡಿಭಾಗ ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ. ಹೋಗುವಾಗ ಹಳೇ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಹೆಸರು ಹೇಳಿದರೆ ಇನ್ಯಾವುದನ್ನೋ ಕೊಟ್ಟು ಕಳಿಸುತ್ತಾರೆ.