ಅನುಭವ ಇಲ್ಲದ ಇಂಗ್ಲಿಷ್ ಟೀಚರ್‌ಗೆ ವಿದೇಶದಲ್ಲಿ ಕೆಲಸ ಸಿಗುತ್ತಾ?

ಪ್ರಶ್ನೆ: ಮೇಡಂ, ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯವಳು. ಪಿಯುಸಿ ತನಕ ಕನ್ನಡ ಮಾಧ್ಯಮ, ಆಮೇಲೆ ಎಂ.ಎ. ಇಂಗ್ಲಿಷ್. ಬಿ.ಎಡ್ ಮಾಡಿಲ್ಲ. ಪಾಠ ಮಾಡಿದ ಅನುಭವವೂ ಇಲ್ಲ. ಪರಿಚಯದವರ ಮೂಲಕ ಒಬ್ಬ ಏಜೆಂಟ್ ಸಿಕ್ಕಿದ್ದಾರೆ. ಥಾಯ್ಲೆಂಡಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸವಂತೆ, ಅನುಭವ ಬೇಡವಂತೆ. ಒಂದೂವರೆ ಲಕ್ಷ ಕೊಟ್ಟರೆ ಮೊದಲು ಟೂರಿಸ್ಟ್ ಆಗಿ ಕಳಿಸಿ, ಅಲ್ಲಿ ಇಳಿದ ಮೇಲೆ ವರ್ಕ್ ಪರ್ಮಿಟ್ ಮಾಡಿಸುತ್ತೇವೆ ಅಂತಾರೆ. ಅಪ್ಪ ಹೊಲದ ಮೇಲೆ ಸಾಲ ತೆಗೆಯೋಕೆ ತಯಾರಿದ್ದಾರೆ. ಹೋಗಲಾ, ಬಿಡಲಾ?
(ಹೆಸರು ಬೇಡ, ಕುಷ್ಟಗಿ)

ಉತ್ತರ: ತಂಗಿ, ದುಡ್ಡು ಕೊಡಬೇಡಿ. ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋಗೋದು ಬೇಡ ಅಂತ ಅಪ್ಪನಿಗೆ ಇವತ್ತೇ ಹೇಳಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು ನಮ್ಮ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಇದು 1983ರ ವಲಸೆ ಕಾಯ್ದೆಯ ನಿಯಮ. ನೋಂದಣಿ ಆದವರ ಪಟ್ಟಿ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆ, ಮೊಬೈಲಿನಲ್ಲೇ ನೋಡಬಹುದು. ಅವರೂ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಬೇಕು. ಒಂದೂವರೆ ಲಕ್ಷ ಕೇಳುವ ಮನುಷ್ಯನಿಗೆ ನೋಂದಣಿ ಸಂಖ್ಯೆ ಕೇಳಿ ನೋಡಿ. ಕೊಡದಿದ್ದರೆ ಅಲ್ಲಿಗೇ ಮಾತು ಮುಗಿಸಿ.

ದುಡ್ಡಿಗಿಂತ ನನಗೆ ಜಾಸ್ತಿ ಭಯ ಆಗಿದ್ದು ಆ ಟೂರಿಸ್ಟ್ ಮಾತಿಗೆ. ವರ್ಕ್ ಪರ್ಮಿಟ್ ಇಲ್ಲದೆ ಥಾಯ್ಲೆಂಡಿನಲ್ಲಿ ಪಾಠ ಮಾಡಿದರೆ ಅದು ಅಪರಾಧ. ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವು, ಏಜೆಂಟ್ ಅಲ್ಲ. ಸರಿಯಾದ ಶಾಲೆ ತಾನೇ ಕಾಗದಪತ್ರ ಕಳಿಸುತ್ತದೆ. ಅದನ್ನು ತೋರಿಸಿ ನೀವು ನಾನ್-ಇಮಿಗ್ರಂಟ್ ಬಿ ವೀಸಾ ಪಡೆದು ಹೋಗುತ್ತೀರಿ. ಇನ್ನೂ ಒಂದು ವಿಷಯ ನಿಮ್ಮ ಮನೆಯವರಿಗೆ ಗೊತ್ತಿರಲೇಬೇಕು. ಥಾಯ್ಲೆಂಡಿನಲ್ಲಿ ಕೆಲಸ ಅಂತ ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆ ಒಯ್ದು, ಆನ್‌ಲೈನ್ ವಂಚನೆ ಮಾಡಿಸುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಕೆ ಕೊಟ್ಟಿದೆ. ಇಂಗ್ಲಿಷ್ ಬರುವ, ಕಂಪ್ಯೂಟರ್ ಗೊತ್ತಿರುವ ಹುಡುಗ ಹುಡುಗಿಯರೇ ಅವರಿಗೆ ಬೇಕು. ನಿಮ್ಮ ಏಜೆಂಟ್ ಅಂಥವರೇ ಅಂತ ನಾನು ಹೇಳ್ತಿಲ್ಲ. ಆದರೆ ಶಾಲೆಯ ಹೆಸರು, ವಿಳಾಸ ಹೇಳದೆ ‘ಮೊದಲು ಬನ್ನಿ’ ಅನ್ನುವವರ ಹಿಂದೆ ಯಾರ ಮಗಳೂ ಹೋಗಬಾರದು. ಆಫರ್ ಲೆಟರ್ ಕೈಗೆ ಬಂದಿದ್ದರೂ ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಇಮೇಲ್ ಮಾಡಿ, ಇದು ನಿಜವಾ ಅಂತ ಕೇಳಿ. ಇದಕ್ಕೆ ನಾಚಿಕೆ ಬೇಡ.

ಈಗ ಅನುಭವದ ಮಾತಿಗೆ ಬರೋಣ. ನೀವು ಅದನ್ನು ದೊಡ್ಡ ಕೊರತೆ ಅಂದುಕೊಂಡಿದ್ದೀರಿ. ನನ್ನ ಪ್ರಕಾರ ನಿಮಗಿರುವ ಎಲ್ಲ ಅಡ್ಡಿಗಳಲ್ಲಿ ಇದೇ ಸುಲಭದ್ದು. ಕುಷ್ಟಗಿಯಲ್ಲೇ ಕೂತು ತುಂಬಿಕೊಳ್ಳಬಹುದು.

ಈ ಜೂನ್‌ನಲ್ಲಿ ಹತ್ತಿರದ ಯಾವುದಾದರೂ ಖಾಸಗಿ ಶಾಲೆಗೆ ಹೋಗಿ ಇಂಗ್ಲಿಷ್ ಪಾಠ ಮಾಡುತ್ತೇನೆ ಅನ್ನಿ. ನಮ್ಮ ಕೊಪ್ಪಳ, ರಾಯಚೂರು ಕಡೆ ಇಂಗ್ಲಿಷ್ ಟೀಚರ್ ಸಿಗದೆ ಒದ್ದಾಡುವ ಶಾಲೆಗಳಿಗೇನು ಕಡಿಮೆ ಇಲ್ಲ. ಸಂಬಳ ಕಡಿಮೆ ಕೊಡ್ತಾರೆ, ಗೊತ್ತು. ಆದರೆ ಎರಡು ಮಾತು ಮೊದಲೇ ಖಚಿತ ಮಾಡಿಕೊಳ್ಳಿ. ಸಂಬಳ ಕೈಗೆ ಬೇಡ, ಬ್ಯಾಂಕ್ ಖಾತೆಗೆ ಹಾಕಲಿ. ಬಿಡುವಾಗ ಲೆಟರ್‌ಹೆಡ್ ಮೇಲೆ ಅನುಭವ ಪತ್ರ ಕೊಡಲಿ: ಯಾವ ದಿನದಿಂದ ಯಾವ ದಿನದವರೆಗೆ, ಯಾವ ತರಗತಿ, ಯಾವ ವಿಷಯ, ಶಾಲೆಯ ಡೈಸ್ ಕೋಡ್ (ಸರ್ಕಾರ ಶಾಲೆಗೆ ಕೊಟ್ಟ ಗುರುತಿನ ಸಂಖ್ಯೆ), ಮುಖ್ಯೋಪಾಧ್ಯಾಯರ ಸಹಿ, ಸೀಲು. ವಿದೇಶದಲ್ಲಿ ಅನುಭವ ಪತ್ರವನ್ನು ಪರಿಶೀಲಿಸುವವರಿದ್ದಾರೆ. ಬ್ಯಾಂಕಿನ ಪಾಸ್‌ಬುಕ್ಕೇ ಆಗ ಸಾಕ್ಷಿ.

ನಾನು ಗಂಗಾವತಿಯ ಒಂದು ಸಣ್ಣ ಶಾಲೆಯಲ್ಲಿ ಪಾಠ ಮಾಡಿ, ಅಲ್ಲಿಂದ ಮಸ್ಕತ್‌ನ ಭಾರತೀಯ ಶಾಲೆಗೆ ಹೋದವಳು. ಸಂದರ್ಶನದಲ್ಲಿ ನನ್ನ ಎಂ.ಎ. ಅಂಕ ಯಾರೂ ಕೇಳಲಿಲ್ಲ. ‘ತರಗತಿಯಲ್ಲಿ ನಲವತ್ತು ಮಕ್ಕಳು, ಅದರಲ್ಲಿ ಹತ್ತು ಜನಕ್ಕೆ ಓದಲು ಬರಲ್ಲ, ನೀವೇನು ಮಾಡ್ತೀರಿ?’ ಅಂತ ಕೇಳಿದರು. ನಾನು ಗಂಗಾವತಿಯಲ್ಲಿ ಮಾಡುತ್ತಿದ್ದದ್ದನ್ನೇ ಹೇಳಿದೆ. ಓದಲು ಬರುವ ಮಗುವಿನ ಪಕ್ಕ ಬಾರದ ಮಗುವನ್ನು ಕೂರಿಸುತ್ತಿದ್ದೆ. ಪ್ರಾರ್ಥನೆಗೆ ಮುಂಚೆ ಇಬ್ಬರೂ ಒಂದೇ ಪ್ಯಾರಾ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಬೇಕು. ವಾರದ ಕೊನೆಗೆ ಓದಲು ಬಾರದ ಮಗುವೇ ಎದ್ದು ನಿಂತು ಓದಬೇಕು. ತಪ್ಪಿದರೆ ಪಕ್ಕದ ಮಗು ಮೆಲ್ಲಗೆ ಹೇಳಿಕೊಡಬೇಕು, ನಾನು ಬಾಯಿ ಹಾಕುತ್ತಿರಲಿಲ್ಲ. ಸಂದರ್ಶನದಲ್ಲಿದ್ದವರು ಇದನ್ನು ಬರೆದುಕೊಂಡರು. ಇಂಥ ಉತ್ತರ ತರಗತಿಯಲ್ಲಿ ನಿಂತವರಿಗೆ ಮಾತ್ರ ಬರುತ್ತದೆ. ಅದಕ್ಕೇ ಒಂದು ವರ್ಷ ಪಾಠ ಮಾಡಿ ಅನ್ನೋದು.

ಆಮೇಲೆ ಬಿ.ಎಡ್. ಎರಡು ವರ್ಷ ಆಗುತ್ತೆ, ನಿಜ. ಆದರೆ ಕೊಲ್ಲಿ ದೇಶಗಳ ಸಿಬಿಎಸ್‌ಇ ಶಾಲೆಗಳಿಗೆ ಸಾಮಾನ್ಯವಾಗಿ ಬಿ.ಎಡ್ ಜೊತೆಗೆ ಎರಡು ವರ್ಷದ ಅನುಭವ ಬೇಕು. ಬಿ.ಎಡ್‌ನಲ್ಲಿ ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್ ಇದೆ, ಕೈ ಪಳಗುತ್ತದೆ. ಹೊರಗೆ ಹೋಗೋದು ತಡವಾದರೂ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆಯಬಹುದು. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದವರಿಗೆ ಇರುವ ಮೀಸಲಾತಿಯಲ್ಲಿ ಸರ್ಕಾರಿ ಶಿಕ್ಷಕಿ ಹುದ್ದೆಗೂ ಅರ್ಜಿ ಹಾಕಬಹುದು. ಆ ಬಾಗಿಲನ್ನು ನೀವಾಗಿಯೇ ಮುಚ್ಚಿಕೊಳ್ಳಬೇಡಿ.

ಪಾಠ ಮಾಡುತ್ತಲೇ ಕಾಗದಪತ್ರ ಸರಿ ಮಾಡಿಕೊಳ್ಳಿ. ನಮ್ಮ ಕಡೆ ಇದೇ ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಸಮ್ಮ’, ಆಧಾರ್‌ನಲ್ಲಿ ‘ಬಸವ್ವ’, ಡಿಗ್ರಿಯಲ್ಲಿ ಮುಂದೆ ಅಪ್ಪನ ಹೆಸರಿನ ಇನಿಶಿಯಲ್ಲು. ಹೀಗಿದ್ದರೆ ಪಾಸ್‌ಪೋರ್ಟ್‌ನಿಂದ ವೀಸಾವರೆಗೆ ಪ್ರತಿ ಕಿಟಕಿಯಲ್ಲೂ ನಿಲ್ಲಿಸ್ತಾರೆ. ಎಲ್ಲ ಕಡೆ ಒಂದೇ ಹೆಸರು ಮಾಡಿಸಿ. ವಿಶ್ವವಿದ್ಯಾಲಯದ ತಾತ್ಕಾಲಿಕ ಪ್ರಮಾಣಪತ್ರ ಸಾಲದು, ಘಟಿಕೋತ್ಸವ ಪ್ರಮಾಣಪತ್ರವನ್ನೇ ತೆಗೆಸಿ. ಕೆಲಸ ಖಚಿತವಾದ ಮೇಲೆ ಅದಕ್ಕೆ ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಬೇರೆ ದೇಶಗಳು ಒಪ್ಪುವ ದೃಢೀಕರಣ) ಆಗಬೇಕು. ಒಮಾನ್‌ನಂಥ ದೇಶಕ್ಕೆ ಅಪೋಸ್ಟಿಲ್ ಸಾಕು. ಯುಎಇ ಆದರೆ ಅಪೋಸ್ಟಿಲ್ ಬದಲು ಸಚಿವಾಲಯದ ಸಾಮಾನ್ಯ ದೃಢೀಕರಣ, ಜೊತೆಗೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಸೇವೆಯ ಮೂಲಕವೇ ಪಡೆಯಬಹುದು. ಅದನ್ನು ಮುಂಚೆಯೇ ಮಾಡಿಸಿ ಇಟ್ಟುಕೊಳ್ಳಬೇಡಿ, ಹಳೆಯದಾದರೆ ಮತ್ತೆ ಕೇಳ್ತಾರೆ.

ಥಾಯ್ಲೆಂಡೇ ಬೇಕು ಅನಿಸಿದರೆ ಆಗಲೂ ಹೋಗಬಹುದು. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಅಲ್ಲಿನ ಶಾಲೆಗಳು ಟೊಯಿಕ್ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತವೆ. ಐಇಎಲ್‌ಟಿಎಸ್ ಫಲಿತಾಂಶ ಎರಡು ವರ್ಷ ಮಾತ್ರ ನಡೆಯುತ್ತೆ, ಹಾಗಾಗಿ ಈಗಲೇ ಬರೆದು ದುಡ್ಡು ಹಾಳು ಮಾಡಬೇಡಿ.

ಪ್ರಶ್ನೆ: ನಾನು ಬಿ.ಎಡ್ ಮುಗಿಸಿ ಈ ವರ್ಷವಷ್ಟೇ ಖಾಸಗಿ ಶಾಲೆಗೆ ಸೇರಿದ್ದೇನೆ. ಮುಂದೆ ವಿಯೆಟ್ನಾಂ ಕಡೆ ಹೋಗುವ ಆಸೆ. ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುವವರಿಗೆ ಅಂತ 120 ಗಂಟೆಯ ಟೆಫಲ್ ಕೋರ್ಸ್ ಕೆಲವೇ ಸಾವಿರಕ್ಕೆ ಸಿಗುತ್ತಿದೆ. ಸೆಲ್ಟಾ ಕೋರ್ಸ್ ಮಾಡಿದರೇನೇ ಬೆಲೆ ಅಂತ ಗೆಳೆಯ ಹೇಳುತ್ತಾನೆ. ಯಾವುದು ಮಾಡಲಿ?
(ಒಬ್ಬ ಶಿಕ್ಷಕ, ಸಿಂಧನೂರು)

ಉತ್ತರ: ಸರ್, ಗೆಳೆಯ ಹೇಳಿದ್ದು ಸರಿ. ಆದರೆ ನಿಮಗೆ ಈಗಲೇ ಅದು ಬೇಕಾ ಅನ್ನೋದು ಬೇರೆ ಮಾತು. ಸೆಲ್ಟಾ ಕೇಂಬ್ರಿಜ್‌ನವರದು. ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು. ಹಿಂದೆ ಕೂತ ತರಬೇತುದಾರರು ಪ್ರತಿ ಪಾಠ ನೋಡಿ ತಿದ್ದುತ್ತಾರೆ. ಅದಕ್ಕೇ ಅದಕ್ಕೆ ಬೆಲೆ. ಖರ್ಚು ಲಕ್ಷ ದಾಟುತ್ತದೆ. ಅಗ್ಗದ ಆನ್‌ಲೈನ್ ಕೋರ್ಸಿನಲ್ಲಿ ವೀಡಿಯೊ ನೋಡಿ ಟಿಕ್ ಹಾಕಿದರೆ ಸರ್ಟಿಫಿಕೇಟ್ ಬರುತ್ತೆ. ವಿಯೆಟ್ನಾಂ ವರ್ಕ್ ಪರ್ಮಿಟ್‌ಗೆ ಡಿಗ್ರಿ ಜೊತೆ ಬೋಧನಾ ಪ್ರಮಾಣಪತ್ರ ಬೇಕಾಗುತ್ತದೆ, ಆ ಲೆಕ್ಕಕ್ಕೆ ಅದು ಉಪಯೋಗಕ್ಕೆ ಬಂದೀತು. ಆದರೆ ಪಾಠ ಮಾಡೋದನ್ನು ಅದು ಕಲಿಸಲ್ಲ.

ನಡುವೆ ಒಂದು ದಾರಿ ಇದೆ, ನಮ್ಮ ಕಡೆಯವರು ಅದನ್ನು ಮರೆತುಬಿಡ್ತಾರೆ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವ ಬಗ್ಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಇದೆ. ಹೈದರಾಬಾದಿನ ಇಫ್ಲು ವಿಶ್ವವಿದ್ಯಾಲಯ ಇಂಗ್ಲಿಷ್ ಬೋಧನೆಗೆ ಅಂತಲೇ 1958ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ದೂರಶಿಕ್ಷಣದಲ್ಲೂ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಸರ್ಟಿಫಿಕೇಟ್ ಇದೆ. ನಿಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ ಅಲ್ವಾ, ರಾಯಚೂರಿನಿಂದ ರೈಲಿದೆ. ಶಾಲೆ ಬಿಡದೆ ಮಾಡಿ.

ಯಾವ ಕೋರ್ಸ್ ಮಾಡಿದರೂ ಕೊನೆಗೆ ಕೇಳುವುದು ಡೆಮೊ ಪಾಠ. ಕ್ಯಾಮೆರಾ ಮುಂದೆ ಹತ್ತು ಹದಿನೈದು ನಿಮಿಷ. ನಮ್ಮವರು ಸೋಲೋದು ಅಲ್ಲೇ. ಇಂಗ್ಲಿಷ್ ಬರಲ್ಲ ಅಂತಲ್ಲ. ವ್ಯಾಕರಣ ವಿವರಿಸಿ, ಬೋರ್ಡ್ ತುಂಬ ಬರೆದು, ಕೊನೆಗೆ ‘ಡು ಯು ಅಂಡರ್‌ಸ್ಟ್ಯಾಂಡ್?’ ಅಂತ ಕೇಳ್ತಾರೆ. ನಮ್ಮ ಮಕ್ಕಳಾದರೆ ‘ಎಸ್ ಸಾರ್’ ಅಂತ ರಾಗ ಎಳೆದು ಒಟ್ಟಿಗೆ ಕೂಗುತ್ತವೆ. ಅದರಿಂದ ಏನು ತಿಳಿಯಿತು? ಏನೂ ಇಲ್ಲ.

ಹೀಗೆ ಮಾಡಿ ನೋಡಿ. ‘ಐ ಯೂಸ್ಡ್ ಟು ಲಿವ್ ಇನ್ ಮಾನ್ವಿ’ ಅಂತ ಒಂದೇ ವಾಕ್ಯ ಬರೆಯಿರಿ. ವಿವರಿಸಬೇಡಿ. ಕೇಳಿ: ‘ಡು ಐ ಲಿವ್ ಇನ್ ಮಾನ್ವಿ ನೌ?’ ಇಲ್ಲ ಅನ್ನಬೇಕು. ‘ಡಿಡ್ ಐ ಲಿವ್ ದೇರ್ ಬಿಫೋರ್?’ ಹೌದು. ‘ಫಾರ್ ಒನ್ ಡೇ?’ ಅಲ್ಲ, ಬಹಳ ಕಾಲ. ಈ ಮೂರು ಸಣ್ಣ ಪ್ರಶ್ನೆಗೆ ಸರಿ ಉತ್ತರ ಬಂತು ಅಂದರೆ ಮಗುವಿಗೆ ಅರ್ಥವಾಗಿದೆ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಮಕ್ಕಳಿಂದ ಮಾತಾಡಿಸಿ: ಚಿಕ್ಕವರಿದ್ದಾಗ ಏನು ತಿಂತಿದ್ದಿರಿ, ಯಾವುದಕ್ಕೆ ಹೆದರ್ತಿದ್ದಿರಿ. ನಿಮ್ಮ ಮಾತು ಕಡಿಮೆ ಆಗಲಿ, ಅವರದು ಜಾಸ್ತಿ ಆಗಲಿ. ಸಂದರ್ಶಕರು ನೋಡುವುದು ಇದನ್ನೇ. ನಾಳೆಯೇ ನಿಮ್ಮ ತರಗತಿಯಲ್ಲಿ ಮಾಡಿ, ಸಹೋದ್ಯೋಗಿಯ ಕೈಗೆ ಫೋನ್ ಕೊಟ್ಟು ವೀಡಿಯೊ ಮಾಡಿಸಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಇರಲಿ, ಮಕ್ಕಳ ಮುಖ ಬರದ ಹಾಗೆ ನಿಮ್ಮನ್ನು ಮಾತ್ರ ತೆಗೆಯಲಿ. ರಾತ್ರಿ ಕೂತು ನೋಡಿ, ಎಲ್ಲಿ ನೀವೇ ಮಾತಾಡ್ತಾ ಹೋಗಿದ್ದೀರಿ ಅಂತ ಗೊತ್ತಾಗುತ್ತೆ.

ಈ ವರ್ಷ ಶಾಲೆ, ಜೊತೆಗೆ ಇಗ್ನೋ ಅಥವಾ ಇಫ್ಲು. ಕೆಲಸದ ಆಫರ್ ಕಣ್ಣಿಗೆ ಕಾಣುವ ಹೊತ್ತಿಗೆ ದುಡ್ಡು ಉಳಿದಿದ್ದರೆ ಸೆಲ್ಟಾ ಮಾಡಿ. ಸಾಲ ಮಾಡಿ ಬೇಡ.

ಪ್ರಶ್ನೆ: ಮಗಳು ಕೊರಿಯಾ, ಜಪಾನ್‌ಗೆ ಅರ್ಜಿ ಹಾಕಿ ಹಾಕಿ ಸೋತಿದ್ದಾಳೆ. ‘ನೇಟಿವ್ ಸ್ಪೀಕರ್ ಮಾತ್ರ’ ಅಂತ ಬರುತ್ತಂತೆ. ಉಚ್ಚಾರಣೆ ತಿದ್ದುವ ಕ್ಲಾಸಿಗೆ ಸೇರಿಸಿದರೆ ಆಗುತ್ತಾ? ಅವಳದು ಬಿ.ಎ., ಬಿ.ಎಡ್.
(ಒಬ್ಬ ತಾಯಿ, ಬಳ್ಳಾರಿ)

ಉತ್ತರ: ಅಮ್ಮಾ, ಆ ಕ್ಲಾಸಿನಿಂದ ಇದು ಬಗೆಹರಿಯೋದಲ್ಲ. ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ಇ-2 ವೀಸಾ ಸಾಮಾನ್ಯವಾಗಿ ಏಳು ದೇಶದ ಪಾಸ್‌ಪೋರ್ಟ್‌ಗೆ ಮಾತ್ರ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಜಪಾನಿನ ಶಾಲೆಗಳಲ್ಲಿ ಕಲಿಸುವ ವೀಸಾಕ್ಕೆ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ ದಾಖಲೆ ಬೇಕು. ನಿಮ್ಮ ಮಗಳ ಉಚ್ಚಾರಣೆಯನ್ನು ಯಾರೂ ಕೇಳಿಯೇ ಇಲ್ಲ, ಪಾಸ್‌ಪೋರ್ಟ್ ನೋಡಿ ಪಕ್ಕಕ್ಕಿಟ್ಟಿದ್ದಾರೆ. ಇದನ್ನು ಅವಳಿಗೆ ಬಿಡಿಸಿ ಹೇಳಿ. ಅವಳು ತನ್ನಲ್ಲೇ ದೋಷ ಹುಡುಕುತ್ತಾ ಕೂತಿದ್ದರೆ ನನಗೆ ನಿಜವಾಗಿಯೂ ಸಂಕಟ ಆಗುತ್ತೆ.

ಬಿ.ಎಡ್ ಆಗಿದೆ ಅಂದಿರಲ್ಲ, ಮಾಲ್ಡೀವ್ಸ್ ಕಡೆ ನೋಡಲಿ. ಅಲ್ಲಿ ಶಾಲೆಗಳೇ ಇಂಗ್ಲಿಷ್ ಮಾಧ್ಯಮ, ಕೇರಳ, ತಮಿಳುನಾಡಿನ ಶಿಕ್ಷಕರು ಎಷ್ಟೋ ಕಾಲದಿಂದ ಹೋಗುತ್ತಿದ್ದಾರೆ. ಸಣ್ಣ ಸಣ್ಣ ದ್ವೀಪಗಳು, ಓಡಾಟಕ್ಕೆ ದೋಣಿ, ಊರಿನಷ್ಟು ಜನವೂ ಇರಲ್ಲ. ಒಬ್ಬಂಟಿತನ ಕಾಡುತ್ತೆ, ಅದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಕರಾರಿನಲ್ಲಿ ವಸತಿ ಯಾರದು, ರಜೆಗೆ ಬರಲು ಟಿಕೆಟ್ ಯಾರದು ಅಂತ ಬರೆದಿದೆಯಾ ನೋಡಿ. ಅರ್ಜಿಯನ್ನು ಅಲ್ಲಿನ ಶಿಕ್ಷಣ ಸಚಿವಾಲಯದ ಪ್ರಕಟಣೆ ನೋಡಿಯೇ ಹಾಕಲಿ, ನಡುವೆ ಯಾರಿಗೂ ದುಡ್ಡು ಕೊಡೋದು ಬೇಡ.