ಮಳೆಗೆ ಓಡಬೇಕೋ, ನಡೆಯಬೇಕೋ?

ಪ್ರಶ್ನೆ: ನಾನು ಹತ್ತನೇ ತರಗತಿಯವಳು. ಬಸ್ಸಿಳಿದರೆ ನಮ್ಮ ಅಂಗಳಕ್ಕೆ ನೂರು ಮೀಟರ್. ಮೊನ್ನೆ ಗಾಳಿಗೆ ಕೊಡೆ ಮಗುಚಿತು, ಓಡಿಕೊಂಡು ಬಂದೆ. “ಓಡಿದರೆ ಎದುರಿನ ಹನಿಗಳನ್ನೆಲ್ಲ ನೀನೇ ಹೋಗಿ ಮೈಗೆ ಎಳೆದುಕೊಂಡ ಹಾಗೆ, ನಡೆದೇ ಬಾ” ಎನ್ನುತ್ತಾರೆ ಅಜ್ಜ. ಯಾವುದು ಸರಿ ಮಾಷ್ಟ್ರೇ?
— ವಿದ್ಯಾರ್ಥಿನಿ, ಪೆರ್ಲ

ಉತ್ತರ: ಓಡು ಮಗಳೇ. ಆದರೆ ಅಜ್ಜನ ಮಾತನ್ನು ತಳ್ಳಿಹಾಕಬೇಡ. ಅವರು ಎದೆಗೆ ಬೀಳುವ ಮಳೆಯನ್ನು ಲೆಕ್ಕ ಹಿಡಿದಿದ್ದಾರೆ, ತಲೆಗೆ ಬೀಳುವುದನ್ನು ಬಿಟ್ಟಿದ್ದಾರೆ.

ಗಾಳಿಯಿಲ್ಲ ಎಂದಿಟ್ಟುಕೊ. ರಸ್ತೆಯಿಂದ ಅಂಗಳದವರೆಗೆ ನಿನ್ನ ಮೈಯಷ್ಟೇ ಅಗಲ, ಎತ್ತರದ ಒಂದು ಸುರಂಗ ಕಲ್ಪಿಸಿಕೊ. ಗುಡ್ಡೆಯ ಮುರಕಲ್ಲು ಕೊರೆದು ನೀರು ತಂದ ನಮ್ಮ ಕಾಸರಗೋಡಿನವರಿಗೆ ಸುರಂಗ ಹೊಸತಲ್ಲ. ಆ ಸುರಂಗದ ತುಂಬ ಹನಿಗಳು. ನಡೆದರೂ ಓಡಿದರೂ ನೀನು ಅದನ್ನು ಪೂರ್ತಿ ದಾಟಲೇಬೇಕು; ಹಾಗಾಗಿ ಎದುರಿನಿಂದ ತಾಗುವ ನೀರು ಎರಡಕ್ಕೂ ಒಂದೇ. ತಲೆ, ಹೆಗಲಿನ ಮೇಲೆ ಸುರಿಯುವುದು ಮಾತ್ರ ನೀನು ಮಳೆಯಲ್ಲಿ ಎಷ್ಟು ಹೊತ್ತು ಇದ್ದೆ ಎಂಬುದಕ್ಕೆ ತಕ್ಕಂತೆ ಹೆಚ್ಚುತ್ತದೆ.

ಗಂಟೆಗೆ 36 ಮಿಲಿಮೀಟರ್ ಸುರಿಯುವ ಜೋರು ಮಳೆ, ಹನಿ ಇಳಿಯುವ ವೇಗ ಸೆಕೆಂಡಿಗೆ 6 ಮೀಟರ್ ಎಂದು ಹಿಡಿದು ಲೆಕ್ಕ ಹಾಕಿದೆ. ಮೈಯ ಮುಂಭಾಗ 0.6 ಚದರ ಮೀಟರ್ ಆದರೆ ಎದುರಿನಿಂದ ಸುಮಾರು 100 ಮಿಲಿಲೀಟರ್. ತಲೆ, ಹೆಗಲು ಸೇರಿ 0.1 ಚದರ ಮೀಟರ್, ಅಂದರೆ ಸೆಕೆಂಡಿಗೆ 1 ಮಿಲಿಲೀಟರ್. ನಡೆಯಲು 80 ಸೆಕೆಂಡು, ಓಡಲು 25. ಒಟ್ಟು ನಡೆದರೆ 180, ಓಡಿದರೆ 125. ನೋಟ್‌ಬುಕ್ಕಿನಲ್ಲಿ ನೀನೇ ಮಾಡಿ ನೋಡು, ಹತ್ತನೆಯ ಗಣಿತ ಸಾಕು.

ಅಮೆರಿಕದ ಹವಾಮಾನ ವಿಜ್ಞಾನಿಗಳಾದ ಥಾಮಸ್ ಪೀಟರ್ಸನ್, ಟ್ರೆವರ್ ವಾಲಿಸ್ ಇದನ್ನು ಮಳೆಗಿಳಿದೇ ಪರೀಕ್ಷಿಸಿದರು. ಒಂದೇ ಬಗೆಯ ಬಟ್ಟೆ ತೊಟ್ಟು 100 ಮೀಟರನ್ನು ಒಬ್ಬರು ನಡೆದರು, ಒಬ್ಬರು ಓಡಿದರು. ಆಮೇಲೆ ಬಟ್ಟೆ ತೂಗಿದರು. ಓಡಿದವರ ಬಟ್ಟೆಯಲ್ಲಿ ಶೇಕಡಾ 40ರಷ್ಟು ಕಡಿಮೆ ನೀರು. ಅದನ್ನು ಪ್ರಕಟಿಸಿದ್ದು 1997ರಲ್ಲಿ.

ಇನ್ನು ಗಾಳಿ. ನಮ್ಮಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ನೆಟ್ಟಗೆ ಬೀಳುವುದು ಅಪರೂಪ, ಕಡಲ ಕಡೆಯಿಂದ ಓರೆಯಾಗಿ ಹೊಡೆಯುತ್ತದೆ. ನಿನ್ನ ಮನೆ ರಸ್ತೆಯ ಪೂರ್ವಕ್ಕಿದ್ದರೆ ಗಾಳಿ ಬೆನ್ನಿಗೆ. ಗಾಳಿಯದೇ ವೇಗದಲ್ಲಿ ಹೋದರೆ ಎದೆಯೂ ಬೆನ್ನೂ ಹೆಚ್ಚು ನೆನೆಯುವುದಿಲ್ಲ, ತಲೆ ಹೆಗಲು ಮಾತ್ರ. ಮನೆ ಪಶ್ಚಿಮಕ್ಕಿದ್ದರೆ ಗಾಳಿ ಎದುರಿಗೆ, ಕಣ್ಣುಮುಚ್ಚಿ ಓಡು — ಅಂದರೆ ಯೋಚಿಸದೆ, ಕಣ್ಣು ತೆರೆದೇ ಇರಲಿ!

ಅಂಗಳಕ್ಕೆ ಇಳಿಯುವಲ್ಲಿ ಮುರಕಲ್ಲಿನ ಮೆಟ್ಟಿಲು ಇದೆಯೇ? ಜುಲೈಯಲ್ಲಿ ಅದರ ಮೇಲೆ ಹಾವಸೆ ಕಟ್ಟಿರುತ್ತದೆ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಅಂಥದೇ ಮೆಟ್ಟಿಲಲ್ಲಿ ಮಳೆಗೆ ಓಡಿ ಜಾರಿ ಬಲಗೈ ಮುರಿದುಕೊಂಡೆ. ಎರಡು ತಿಂಗಳು ಎಡಗೈಯಲ್ಲೇ ಬೋರ್ಡಿನ ಮೇಲೆ ಬರೆದೆ, ಮಕ್ಕಳು ಓದಲಾಗದೆ ಕಷ್ಟಪಟ್ಟರು. ಆದ್ದರಿಂದ 90 ಮೀಟರ್ ಓಡಿ, ಕೊನೆಯ 10 ಮೀಟರ್ ನಡೆ. ಅದಕ್ಕೆ ಹೆಚ್ಚು ತಗಲುವುದು ಐದೂವರೆ ಸೆಕೆಂಡು. ಮೈಗೆ ಹೆಚ್ಚು ಬೀಳುವುದು ಒಂದು ಚಮಚ ನೀರು.